ಪರಪ್ಪ ಮಾಸ್ತರರ ಇಂಗ್ಲೆಂಡು

ಇಂಡಿ ತಾಲೂಕಿನ ಹೈಸ್ಕೂಲೊಂದರಲ್ಲಿ ಪರಪ್ಪ ಮಾಸ್ತರರು ಭೂಗೋಳ ಕಲಿಸುತ್ತಿದ್ದಾಗ ಅವರ ಹತ್ತಿರ ಬ್ರಿಟಿಷ್ ದ್ವೀಪಗಳ ಒಂದು ಬಟ್ಟೆಯ ನಕಾಶೆ ಇತ್ತು. ಮುಂಬಯಿ ಸರಕಾರದ ಕಾಲದ್ದು. ಐರ್ಲೆಂಡನ್ನು ಅರ್ಧ ಗೆದ್ದಲು ತಿಂದಿದ್ದರಿಂದ ಐರ್ಲೆಂಡಿನ ಪಾಠವನ್ನು ಮಾಸ್ತರರು ಅರ್ಧವೇ ಮಾಡುತ್ತಿದ್ದರು. ಉಳಿದದ್ದು ಮಾತ್ರ ಅವರಿಗೆ ಸ್ವಂತ ಹೊಲದಷ್ಟು ಪರಿಚಯ. ಹೊರಗೆ ಮಾರ್ಚ್ ತಿಂಗಳ ಬಿಸಿಲಿಗೆ ತಗಡಿನ ಮಾಡು ಚಟಚಟ ಅನ್ನುತ್ತಿದ್ದರೆ, ಒಳಗೆ ಮಾಸ್ತರರು ಬೆತ್ತದ ತುದಿಯಿಂದ ಅಟ್ಲಾಂಟಿಕ್ ಸಾಗರದ ಹಸಿ ಗಾಳಿಯನ್ನು ದಬ್ಬಿಕೊಂಡು ಬಂದು ಪೆನ್ನೈನ್ ಬೆಟ್ಟಕ್ಕೆ ಅಪ್ಪಳಿಸುತ್ತಿದ್ದರು. ಪೆನ್ನೈನ್ ಅಂದರೆ ಇಂಗ್ಲೆಂಡಿನ ಬೆನ್ನೆಲುಬು. ಅದರ ಪಡುವಣಕ್ಕೆ ಮಳೆ, ಮೂಡಣಕ್ಕೆ ಬಿಸಿಲು. ಪಡುವಣದ ಲ್ಯಾಂಕಾಶೈರ್‌ನಲ್ಲಿ ಹವೆ ತೇವ ಇರುವುದರಿಂದ ನೂಲು ಹರಿಯುವುದಿಲ್ಲ, ಅದಕ್ಕೇ ಅಲ್ಲಿ ಹತ್ತಿ ಗಿರಣಿ. ಮೂಡಣದ ಯಾರ್ಕ್‌ಶೈರ್‌ನಲ್ಲಿ ಒಣ ಹವೆ, ಕುರಿ, ಉಣ್ಣೆ. ಇದನ್ನು ಬಾಯಿಪಾಠ ಒಪ್ಪಿಸದ ಹುಡುಗ ಅವರ ಕೈಯಲ್ಲಿ ಪಾಸಾದದ್ದಿಲ್ಲ. ಮೂವತ್ತು ವರ್ಷದಲ್ಲಿ ಇಂಡಿಯ ಅರ್ಧ ಊರು ಪೆನ್ನೈನ್ ಬೆಟ್ಟಕ್ಕೆ ಎಡವಿ ಬಿದ್ದಿತ್ತು.

ಅಂಥ ಮಾಸ್ತರರು ರಿಟಾಯರ್ ಆದ ಮರುವರ್ಷ, ಎರಡು ಸಾವಿರದ ಒಂದರಲ್ಲಿ, ಹೆಂಡತಿ ಚಂದ್ರವ್ವನ ಜೊತೆ ಲಂಡನ್ನಿಗೆ ಬಂದು ಕಿಂಗ್ಸ್‌ಬರಿಯಲ್ಲಿ ಮಗಳು ಭುವನೇಶ್ವರಿಯ ಮನೆಯಲ್ಲಿ ನೆಲೆಸಿದರು. ಮಗಳು ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅವರು ಬರುವುದಕ್ಕೆ ದಾರಿಯಾದದ್ದು ಚಂದ್ರವ್ವನ ವಯಸ್ಸು. ತಂದೆತಾಯಿಯಲ್ಲಿ ಒಬ್ಬರಿಗಾದರೂ ಅರವತ್ತೈದು ತುಂಬಿದ್ದರೆ ಇಬ್ಬರನ್ನೂ ಕರೆಸಿಕೊಳ್ಳಬಹುದು ಅಂತ ಕಾಯ್ದೆ ಇತ್ತು. ಮಾಸ್ತರರಿಗೆ ಆಗ ಐವತ್ತೊಂಬತ್ತು. ಚಂದ್ರವ್ವ ಯಾವ ವರ್ಷ ಹುಟ್ಟಿದಳೆಂದು ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಅವಳ ಅಣ್ಣ, ಊರಲ್ಲಿ ದೊಡ್ಡ ಬಾವಿ ತೋಡಿಸಿದ ವರ್ಷ ಅವಳು ತೊಟ್ಟಿಲಲ್ಲಿದ್ದಳೆಂದು ಪ್ರಮಾಣ ಮಾಡಿ ಹೇಳಿದ. ಆ ಬಾವಿಯ ಲೆಕ್ಕದಿಂದ ಅವಳು ಗಂಡನಿಗಿಂತ ಏಳು ವರ್ಷ ದೊಡ್ಡವಳಾದಳು. ಮಾಸ್ತರರು ಅದು ಬೇರೆ ಬಾವಿ ಇರಬೇಕೆಂದು ಎಷ್ಟು ವಾದಿಸಿದರೂ ಅಣ್ಣ ಜಗ್ಗಲಿಲ್ಲ. ಚಂದ್ರವ್ವನಿಗೆ ಇದರಿಂದ ಏನೂ ಬೇಸರ ಇರಲಿಲ್ಲ. ಯಾವುದಾದರೂ ಮಾತಿಗೆ ಗಂಡ ಜೋರು ಮಾಡಿದರೆ, ದೊಡ್ಡವರ ಎದುರಿಗೆ ಹಂಗ ಮಾತಾಡಬಾರದು ಅನ್ನುತ್ತಿದ್ದಳು.

ಲಂಡನ್ನಿಗೆ ಬಂದು ಐದು ವರ್ಷ ಮಾಸ್ತರರು ನೋಡಿದ ಇಂಗ್ಲೆಂಡು ಅಂದರೆ ಕಿಂಗ್ಸ್‌ಬರಿ ರಸ್ತೆ, ವೆಂಬ್ಲಿಯ ತರಕಾರಿ ಅಂಗಡಿ, ತಿಂಗಳಿಗೊಮ್ಮೆ ಜೋಳದ ಹಿಟ್ಟಿಗೆ ಸೌತ್‌ಹಾಲ್, ಮೊಣಕಾಲು ನೋವಿಗೆ ಜಿಪಿ ಡಾಕ್ಟರು. ಬೆಟ್ಟ ಇಲ್ಲ, ಗಿರಣಿ ಇಲ್ಲ. ಮಳೆಯೂ ಪಾಠದಲ್ಲಿ ಹೇಳಿದಷ್ಟು ಇಲ್ಲ. ಅವರಿಗೆ ಇದರಿಂದ ಅಪನಂಬಿಕೆ ಏನೂ ಬರಲಿಲ್ಲ. ಲಂಡನ್ ಮೂಡಣದಲ್ಲಿದೆ, ಇಲ್ಲಿ ಮಳೆ ಕಡಿಮೆಯೇ ಇರಬೇಕು, ನಿಜವಾದ ಇಂಗ್ಲೆಂಡು ಮೇಲೆ ಪಡುವಣದ ಕಡೆ ತಾನು ನಕಾಶೆಯಲ್ಲಿ ಬಿಟ್ಟುಬಂದ ಹಾಗೇ ಇದೆ ಅಂತ ಸಮಾಧಾನವಾಗಿದ್ದರು.

ಎರಡು ಸಾವಿರದ ಆರರ ಬೇಸಿಗೆ ಕಳೆಯುತ್ತಿದ್ದ ಹಾಗೆ ಭುವನೇಶ್ವರಿ ಇಬ್ಬರಿಗೂ ಪೌರತ್ವಕ್ಕೆ ಅರ್ಜಿ ಹಾಕುವ ವಿಚಾರ ತೆಗೆದಳು. ಹೊಸ ಕಾಯ್ದೆ ಪ್ರಕಾರ ಈ ದೇಶದ ವಿಷಯವಾಗಿ ಕಂಪ್ಯೂಟರಿನಲ್ಲಿ ಪರೀಕ್ಷೆ ಪಾಸಾಗಬೇಕಿತ್ತು. ಅರವತ್ತೈದು ದಾಟಿದವರಿಗೆ ಮಾತ್ರ ಅದು ಮಾಫಿ. ಅಂದಮೇಲೆ ಅವ್ವನಿಗೆ ಪರೀಕ್ಷೆ ಇಲ್ಲ. ಅಪ್ಪನಿಗೂ ಬರುವ ಜೂನ್ ಒಂದಕ್ಕೆ ಅರವತ್ತೈದು ತುಂಬುತ್ತದೆ, ಅಲ್ಲಿಯವರೆಗೆ ಸುಮ್ಮನೆ ಕೂತರೆ ಅವರಿಗೂ ಇಲ್ಲ. ಮಗಳು ಇದನ್ನು ಸಿಹಿ ಸುದ್ದಿ ಅಂದುಕೊಂಡು ಹೇಳಿದ್ದಳು. ಮಾಸ್ತರರು ಚಹದ ಕಪ್ಪು ಕೆಳಗಿಟ್ಟರು.

"ಭುವನಾ, ನಾ ಮೂವತ್ತು ವರ್ಷ ಈ ದೇಶ ಕಲಿಸೇನಿ. ಈಗ ಮುದುಕ ಆಗ್ಯಾನ, ಬಿಟ್ಟುಬಿಡ್ರಿ ಪಾಪ ಅಂತ ಪಾಸ್ ಮಾಡಿಸ್ಕೊಳ್ಳಲೇನು?"

ಮಗಳು ಕಪ್ಪು ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಅಪ್ಪನ ಕೈಯಲ್ಲಿ ಅವಳೂ ಒಂದು ಸಲ ನಾಪಾಸಾಗಿದ್ದಳು.

ಪರೀಕ್ಷೆಗೆ ಸರಕಾರದ್ದೇ ಪುಸ್ತಕ ಇತ್ತು. ಭುವನೇಶ್ವರಿ ತಂದುಕೊಟ್ಟಳು. ಮಾಸ್ತರರು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿ ಹಾಕಿ ನದಿಗಳನ್ನು ಹುಡುಕಿದರು. ನದಿ ಇರಲಿಲ್ಲ. ಬೆಟ್ಟ ಇರಲಿಲ್ಲ. ಹವಾಗುಣ ಇರಲಿಲ್ಲ. ಬಾಡಿಗೆ ಮನೆ ಹಿಡಿಯುವುದು ಹೇಗೆ, ಹೆಂಗಸರಿಗೆ ಮತದ ಹಕ್ಕು ಯಾವಾಗ ಬಂತು, ಹುಡುಗರು ಪೇಪರ್ ಹಾಕುವ ಕೆಲಸಕ್ಕೆ ಎಷ್ಟು ವಯಸ್ಸಾಗಿರಬೇಕು, ಇಂಥವೇ. ಮಾಸ್ತರರು ಒಂದು ತೀರ್ಮಾನಕ್ಕೆ ಬಂದರು. ಭೂಗೋಳ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ ಅಂತ ಸರಕಾರ ತಿಳಿದಿದೆ, ಅದಕ್ಕೇ ಪುಸ್ತಕದಲ್ಲಿ ಹಾಕಿಲ್ಲ, ಪರೀಕ್ಷೆಯಲ್ಲಿ ಮಾತ್ರ ಬಿಡುವುದಿಲ್ಲ. ಅವರು ಪುಸ್ತಕವನ್ನು ಫ್ರಿಜ್ಜಿನ ಮೇಲಿಟ್ಟು ಲೈಬ್ರರಿಯಿಂದ ಒಂದು ಅಟ್ಲಾಸ್ ತಂದರು.

ಅಲ್ಲಿಂದ ಅಡಿಗೆಮನೆ ಹೈಸ್ಕೂಲಾಯಿತು. ಗೋಡೆಗೆ ದೊಡ್ಡ ನಕಾಶೆ ಬಂತು, ಬೆತ್ತದ ಬದಲಿಗೆ ಕಟ್ಟಿಗೆಯ ಸೌಟು. ವಿದ್ಯಾರ್ಥಿ ಅಂತ ಇದ್ದವಳು ಚಂದ್ರವ್ವ ಒಬ್ಬಳೇ. ಅವಳು ರೊಟ್ಟಿ ಬಡಿಯುತ್ತ ಬಡಿಯುತ್ತ ಸ್ಕಾಟ್‌ಲೆಂಡಿನ ಎತ್ತರದ ಪ್ರದೇಶ, ವೇಲ್ಸಿನ ಗುಡ್ಡ, ನಾರ್ಫೋಕಿನ ಬಯಲು ಎಲ್ಲ ಕೇಳಬೇಕಾಗುತ್ತಿತ್ತು. ಕೇಳಿದ್ದನ್ನು ಅವಳು ಅವಳ ರೀತಿಯಲ್ಲಿ ತಿಳಿದುಕೊಳ್ಳುತ್ತಿದ್ದಳು. ಸ್ಕಾಟ್‌ಲೆಂಡಿನ ಪಡುವಣ ದಂಡೆ ಯಾಕೆ ಹಾಗೆ ಹರಿದುಹೋಗಿದೆ ಅಂತ ಮಾಸ್ತರರು ಕೇಳಿದರೆ, ಹಿಟ್ಟು ಬಿಸಿನೀರಾಗ ಸರಿಯಾಗಿ ನಾದಿಲ್ಲ, ಅಂಚು ಒಡದಾವ ಅಂದಳು. ಅವರು ಸಿಟ್ಟಾಗಿ ಹಿಮನದಿಗಳ ಪಾಠ ಮಾಡಿದರು. ಪಾಠ ಮುಗಿಯುವ ಹೊತ್ತಿಗೆ ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗಿತ್ತು.

ಸಂಜೆ ಟಿವಿಯಲ್ಲಿ ಹವಾಮಾನ ವರದಿ ಬರುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ವರದಿ ಹೇಳುವ ಹುಡುಗಿಯ ಮೇಲೆ ಮಾಸ್ತರರಿಗೆ ಒಂದೇ ತಕರಾರು. ಅವಳು ನಕಾಶೆಗೆ ಅಡ್ಡ ನಿಲ್ಲುತ್ತಿದ್ದಳು.

"ವೇಲ್ಸ್ ಪೂರ್ತಿ ಮುಚ್ಚಿಬಿಟ್ಟಾಳ ನೋಡು. ಬಿ.ಎಡ್. ಮಾಡಿಲ್ಲ ಇಕಿ," ಅನ್ನುತ್ತಿದ್ದರು.

ಇಷ್ಟೆಲ್ಲ ನಡೆಯುವಾಗ ಪಕ್ಕದ ಓಣಿಯ ಅಲೆಕ್ಸ್ ಆಗಾಗ ಬಂದು ಕೂರುತ್ತಿದ್ದರು. ಅಲೆಕ್ಸ್ ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕ್‌ರು. ಹಡಗಿನಲ್ಲಿ ಅಡಿಗೆಯವರಾಗಿ ಈ ದೇಶದ ಬಂದರುಗಳನ್ನೆಲ್ಲ ಕಂಡವರು. ಬಂದರು ಬಿಟ್ಟು ಒಳಗೆ ಎಂತ ಉಂಟು ಅಂತ ಮಾತ್ರ ತನಗೆ ಗೊತ್ತಿಲ್ಲ ಅನ್ನುತ್ತಿದ್ದರು. ಅವರು ಆ ವರ್ಷವೇ ಪರೀಕ್ಷೆ ಪಾಸಾಗಿದ್ದರು. ಮಾಸ್ತರರ ತಯಾರಿ ನೋಡಿ ಅವರಿಗೆ ಕಳವಳವಾಯಿತು. ಬೆಟ್ಟಗಿಟ್ಟ ಕೇಳುವುದಿಲ್ಲ, ಆ ಪುಸ್ತಕವನ್ನೇ ಓದಿ ಅಂತ ಮೆಲ್ಲಗೆ ಹೇಳಿದರು. ಪಬ್ಬಿನಲ್ಲಿ ನಮ್ಮ ಕೈ ತಾಗಿ ಬೇರೆಯವರ ಬಿಯರು ಚೆಲ್ಲಿದರೆ ಏನು ಮಾಡಬೇಕು ಅನ್ನುವುದು ಕೂಡ ಆ ಪುಸ್ತಕದಲ್ಲಿ ಉಂಟಂತೆ ಅಂದರು. ಮಾಸ್ತರರು ಲಿಂಗ ಕಟ್ಟಿಕೊಂಡ ಮನುಷ್ಯ. ಬಿಯರು ಚೆಲ್ಲುವಂಥ ಜಾಗಕ್ಕೆ ತಾನು ಹೋಗುವುದೇ ಇಲ್ಲ, ಹಾಗಿರುವಾಗ ಉತ್ತರ ಯಾಕೆ ಕಲಿಯಲಿ ಅಂದರು. ಅಲೆಕ್ಸ್ ಕೈಮುಗಿದು ಚಹ ಕುಡಿದು ಹೋದರು.

ನವೆಂಬರಿನಲ್ಲಿ ಪರೀಕ್ಷೆ. ಮಾಸ್ತರರು ಇಸ್ತ್ರಿ ಮಾಡಿದ ಕೋಟು ಹಾಕಿ, ಹಣೆಗೆ ವಿಭೂತಿ ಧರಿಸಿ ಹೊರಟರು. ಒಂದು ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರುಗಳಿದ್ದವು. ಮೌಸ್ ಹಿಡಿಯುವುದನ್ನು ಅಳಿಯ ಕಲಿಸಿದ್ದ. ಆದರೂ ಪರದೆಯ ಮೇಲಿನ ಬಾಣ ಅವರ ಕೈಗೆ ಸಿಗದೆ ಹೊಸ ಕರುವಿನ ಹಾಗೆ ಅಲ್ಲಿ ಇಲ್ಲಿ ಓಡಿತು. ಅದು ಹತೋಟಿಗೆ ಬಂದಮೇಲೆ ಅವರು ಪ್ರಶ್ನೆಗಳನ್ನು ಓದಿದರು. ಮೊದಲನೆಯದು ಮಕ್ಕಳ ಶಾಲೆಯ ಬಗ್ಗೆ. ಆಮೇಲೆ ಪಾರ್ಲಿಮೆಂಟು. ಆಮೇಲೆ ಹಬ್ಬ. ಪೆನ್ನೈನ್ ಈಗ ಬರುತ್ತದೆ, ಈಗ ಬರುತ್ತದೆ ಅಂತ ಅವರು ಒಂದೊಂದನ್ನೇ ದಾಟುತ್ತ ಹೋದರು. ಕೊನೆಗೆ ಜಿಯೋರ್ಡಿ ಎಂಬುದು ಎಲ್ಲಿ ಕಂಡುಬರುತ್ತದೆ ಎನ್ನುವ ಪ್ರಶ್ನೆ ಬಂತು. ಜೀವ ಬಂದ ಹಾಗಾಯಿತು. ಜಿಯೋ ಅಂದಮೇಲೆ ಅದು ಭೂಮಿಗೆ ಸಂಬಂಧಪಟ್ಟದ್ದೇ, ಒಂದು ತರದ ಕಲ್ಲಿರಬೇಕು. ಗಟ್ಟಿ ಕಲ್ಲು ಸಿಗುವುದು ಕಾರ್ನ್‌ವಾಲ್‌ನಲ್ಲಿ. ಆ ಉತ್ತರವನ್ನು ಅವರು ಎಷ್ಟು ಜೋರಾಗಿ ಒತ್ತಿದರೆಂದರೆ ಪಕ್ಕದವಳು ತಿರುಗಿ ನೋಡಿದಳು.

ಜಿಯೋರ್ಡಿ ಅಂದರೆ ನ್ಯೂಕಾಸಲ್ ಕಡೆಯವರ ಮಾತಿನ ಧಾಟಿ ಅಂತ ಆ ಸಂಜೆ ಅಳಿಯ ಸಂಗಮೇಶ ಹೇಳಿದ. ಅದಕ್ಕೂ ಮೊದಲೇ ಪರೀಕ್ಷೆಯ ಕೋಣೆಯಲ್ಲಿ ನಾಪಾಸು ಅಂತ ಕಾಗದ ಕೈಗೆ ಬಂದಾಗಿತ್ತು.

ಮಾಸ್ತರರು ಆ ದಿನ ಊಟ ಮಾಡಲಿಲ್ಲ. ನಾಪಾಸು ಎಂಬ ಮಾತನ್ನು ಅವರು ಜೀವಮಾನವಿಡೀ ಬೇರೆಯವರಿಗೆ ಹೇಳಿದ್ದರೇ ಹೊರತು ತಾವು ಕೇಳಿರಲಿಲ್ಲ. ಇಂಡಿಯ ಹುಡುಗರು ಅಂಕಪಟ್ಟಿ ಹಿಡಿದು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದುದು, ಮನೆಗೆ ಹೋಗಲಿಕ್ಕೆ ಹಿಂದೆಮುಂದೆ ನೋಡುತ್ತಿದ್ದುದು ನೆನಪಾಗಿ ಅವರು ಇನ್ನಷ್ಟು ಮೆತ್ತಗಾದರು. ಚಂದ್ರವ್ವ ತಾಟು ತಂದು ಮುಂದಿಟ್ಟಳು.

"ಇನ್ನೊಮ್ಮೆ ಕಟ್ಟಿದ್ರಾತು. ನೀವೂ ಹುಡುಗರಿಗೆ ಹಂಗ ಹೇಳ್ತಿದ್ರಲ್ಲ, ಅಕ್ಟೋಬರ್‌ದಾಗ ಕಟ್ಟು ಅಂತ."

ಮಗಳು ಮತ್ತೆ ಜೂನ್ ಒಂದರ ಮಾತು ತೆಗೆದಳು. ಮಾಸ್ತರರು ಎದ್ದು ಹೋಗಿ ಗೋಡೆಯ ನಕಾಶೆ ಬಿಚ್ಚಿ ಸುತ್ತಿ ಕಪಾಟಿನ ಹಿಂದೆ ಇಟ್ಟರು. ಚಳಿಗಾಲ ಪೂರ್ತಿ ಅದು ಅಲ್ಲೇ ಇತ್ತು. ಅವರು ಹವಾಮಾನ ವರದಿ ನೋಡುವುದನ್ನೂ ಬಿಟ್ಟರು. ಆ ಹುಡುಗಿ ವೇಲ್ಸ್ ಮುಚ್ಚಿಕೊಂಡು ನಿಂತರೂ ಕೇಳುವವರಿರಲಿಲ್ಲ.

ಇದಕ್ಕೆ ಔಷಧ ಹೇಳಿದವರು ಅಲೆಕ್ಸ್. ಅವರ ಮಗಳು ಜೋಯ್ಲಿನ್ ರೋಚ್‌ಡೇಲ್ ಎಂಬ ಊರಿನಲ್ಲಿ ನರ್ಸ್ ಆಗಿದ್ದಳು. ಫೆಬ್ರವರಿಯ ಕೊನೆಗೆ ಅವರು ಅಲ್ಲಿಗೆ ಹೊರಟಿದ್ದರು.

"ನೀವೂ ಬನ್ನಿ ಮಾಸ್ಟ್ರೇ. ಅಷ್ಟು ವರ್ಷ ಪಾಠ ಮಾಡಿದ್ದೀರಿ, ಒಂದು ಸಲ ಕಣ್ಣಿನಿಂದ ನೋಡುವುದು ಬೇಡವಾ?" ಅಂದರು.

ರೋಚ್‌ಡೇಲ್ ಎಲ್ಲಿ ಬರುತ್ತದೆಂದು ಮಾಸ್ತರರು ಕೇಳಬೇಕಾಗಿರಲಿಲ್ಲ. ಲ್ಯಾಂಕಾಶೈರ್‌ನ ಹತ್ತಿ ಊರು, ಪೆನ್ನೈನ್ ಬೆಟ್ಟದ ಪಡುವಣ ಬುಡ. ಅವರು ಚಂದ್ರವ್ವನ ಕಡೆ ನೋಡಿದರು. ಅವಳು ಆಗಲೇ ಬುತ್ತಿಗೆ ಏನೇನು ಕಟ್ಟಬೇಕೆಂದು ಯೋಚಿಸುತ್ತಿದ್ದಳು.

ಮೂವರೂ ಕೋಚ್ ಬಸ್ಸಿನಲ್ಲಿ ಹೊರಟರು. ಚಂದ್ರವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗೋದಿ-ಬೆಲ್ಲದ ಮಾದಲಿ ಕಟ್ಟಿದ್ದಳು. ಮಾಸ್ತರರು ಕಿಟಕಿಯ ಪಕ್ಕ ಕೂತು ನೆಲ ಏರುವುದನ್ನೇ ನೋಡುತ್ತಿದ್ದರು. ಲ್ಯಾಂಕಾಶೈರ್ ಮಳೆಗಾಗಿ ಹೊಸದೊಂದು ದೊಡ್ಡ ಕೊಡೆ ಕೊಂಡಿದ್ದರು. ಹೆಂಡತಿಗೆ ಮಳೆಕೋಟು ಹಾಕಿಸಿದ್ದರು. ಅಲ್ಲಿ ಇಳಿದ ಕೂಡಲೇ ಬೇಕಾಗುತ್ತದೆ ಅಂತ ಅಲೆಕ್ಸ್‌ಗೂ ಮಂಕಿಕ್ಯಾಪು ಹಾಕಿಕೊಳ್ಳಲು ಹೇಳಿದ್ದರು.

ರೋಚ್‌ಡೇಲ್‌ನಲ್ಲಿ ಇಳಿದಾಗ ಕಣ್ಣು ಕುಕ್ಕುವ ಬಿಸಿಲು. ಆಕಾಶದಲ್ಲಿ ಒಂದು ಮೋಡದ ಚೂರೂ ಇರಲಿಲ್ಲ. ಹುಡುಗರು ಬರೀ ಬನಿಯನ್ನಿನಲ್ಲಿ ಚೆಂಡಾಡುತ್ತಿದ್ದರು. ಜೋಯ್ಲಿನ್ ಮನೆಯ ಹಿತ್ತಲಿನಿಂದ ಹಿಡಿದು ಓಣಿಯ ತುದಿಯವರೆಗೆ ಸಾಲುಸಾಲಾಗಿ ಬಟ್ಟೆ ಒಣಹಾಕಿದ್ದರು, ಅವೆಲ್ಲ ಒಣಗಿ ಗರಿಗರಿಯಾಗಿ ಹಾರಾಡುತ್ತಿದ್ದವು. ಮಾಸ್ತರರು ಮಡಚಿದ ಕೊಡೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು ಆ ಬಟ್ಟೆಗಳನ್ನು ಬಹಳ ಹೊತ್ತು ನೋಡಿದರು. ತಮ್ಮ ಶಾಲೆಯಲ್ಲಿ ಯಾರೋ ಎದ್ದು ನಿಂತು ಎದುರುತ್ತರ ಕೊಟ್ಟಷ್ಟು ಅವಮಾನವಾಯಿತು.

ಮಾರನೆಯ ದಿನವೂ ಹಾಗೇ. ಗಿರಣಿ ತೋರಿಸೆಂದು ಕೇಳಿದ್ದಕ್ಕೆ ಜೋಯ್ಲಿನ್ ಅವರನ್ನು ಒಂದು ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡದ ಮುಂದೆ ನಿಲ್ಲಿಸಿದಳು. ಚಿಮಣಿ ಆಕಾಶಕ್ಕೆ ಮುಟ್ಟಿತ್ತು. ಒಳಗೆ ಸೋಫಾ ಮಾರುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಫ್ಲ್ಯಾಟು ಬಾಡಿಗೆಗಿವೆ ಅಂತ ಬೋರ್ಡು. ಚಂದ್ರವ್ವ ಒಂದು ಸೋಫಾದ ಮೇಲೆ ಕೂತು ನೋಡಿ, ಚಲೋ ಅದ ಅಂದಳು. ಮಾಸ್ತರರು ಹೊರಗೇ ನಿಂತರು. ಲ್ಯಾಂಕಾಶೈರ್‌ನಲ್ಲಿ ಹತ್ತಿ ಗಿರಣಿಗಳಿವೆ ಎಂದು ಎರಡು ಸಾವಿರದ ಇಸವಿಯವರೆಗೂ ಅವರು ಬೋರ್ಡಿನ ಮೇಲೆ ಬರೆದಿದ್ದರು. ಅವರು ಬರೆಯುತ್ತಿದ್ದಾಗ ಇಲ್ಲಿ ಸೋಫಾ ಮಾರುತ್ತಿದ್ದರು.

ಇನ್ನು ಉಳಿದದ್ದು ಮೂಡಣ ಮಗ್ಗುಲು. ಬೆಟ್ಟ ದಾಟಿ ಯಾರ್ಕ್‌ಶೈರ್‌ನ ಹ್ಯಾಲಿಫಾಕ್ಸಿಗೆ ಹೋಗೋಣವೆಂದು ಮೂರನೆಯ ದಿನ ಮಾಸ್ತರರೇ ಅಂದರು. ಹೊರಡುವಾಗ, ಜೊತೆಗೆ ಬರುತ್ತಿದ್ದ ಜೋಯ್ಲಿನ್ ಕೊಡೆ ತಗೊಳ್ಳಿ ಅಂಕಲ್ ಅಂದಳು. ಅವರಿಗೆ ಸ್ವಲ್ಪ ಹುರುಪು ಬಂತು. ಮೂಡಣಕ್ಕೆ ಹೋಗುವವರು ಕೊಡೆ ಯಾಕೆ ಒಯ್ಯಬೇಕು? ಮಳೆಯನ್ನೆಲ್ಲ ಪೆನ್ನೈನ್ ಈಚೆಗೇ ತಡೆದು ನಿಲ್ಲಿಸುತ್ತದೆ, ಆಚೆಗೆ ಮಳೆಯ ನೆರಳು. ಅವರು ಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಗಾಳಿಯ ದಿಕ್ಕು ತೋರಿಸಿದರು. ಚಂದ್ರವ್ವನ ಮಳೆಕೋಟನ್ನೂ ತೆಗೆಸಿ ಇಡಿಸಿದರು. ಅಲೆಕ್ಸ್ ತಮ್ಮ ಕೋಟನ್ನು ಚೀಲಕ್ಕೆ ತುರುಕಿದರು. ಹಡಗಿನಲ್ಲಿದ್ದವರಿಗೆ ಮಳೆಯ ಮೇಲೆ ನಂಬಿಕೆ ಕಡಿಮೆ.

ಬಸ್ಸು ಬೆಟ್ಟ ಏರಿತು. ಮೇಲೆ ಮರಗಿಡ ಇಲ್ಲದ ಕಂದು ಬಯಲು, ಕಲ್ಲಿನ ಗೋಡೆಗಳು, ಅಲ್ಲಲ್ಲಿ ಕುರಿ. ಬೆತ್ತದ ತುದಿ ಆಡಿಸಿ ಆಡಿಸಿ ಸವೆದ ನಕಾಶೆಯ ಆ ಕಂದು ಗೆರೆಯ ಮೇಲೆ ಈಗ ಮಾಸ್ತರರು ತಾವೇ ಹೋಗುತ್ತಿದ್ದರು. ಅವರ ಕಣ್ಣು ತುಂಬಿಬಂದದ್ದನ್ನು ಚಂದ್ರವ್ವ ನೋಡಿದಳು, ನೋಡದವಳ ಹಾಗೆ ಕಿಟಕಿಯ ಕಡೆ ತಿರುಗಿ ಈ ಕುರಿಗಳ ಮುಖ ಯಾಕಿಷ್ಟು ಕಪ್ಪು ಅಂತ ಕೇಳಿದಳು.

ಬಸ್ಸು ಮೂಡಣಕ್ಕೆ ಇಳಿಯುತ್ತಿದ್ದ ಹಾಗೆ ಕತ್ತಲು ಕವಿಯಿತು. ಹ್ಯಾಲಿಫಾಕ್ಸಿನಲ್ಲಿ ಕಾಲಿಟ್ಟ ಗಳಿಗೆಗೆ ಮಳೆ ಹಿಡಿಯಿತು. ಹಿಡಿಯಿತು ಅಂದರೆ ಆಕಾಶಕ್ಕೆ ತೂತು ಬಿದ್ದ ಹಾಗೆ, ಕೆಳಗಿನಿಂದಲೂ ಪಕ್ಕದಿಂದಲೂ ಬರುವ ಮಳೆ. ಅಲೆಕ್ಸ್ ಕೋಟು ತೆಗೆದು ಚಂದ್ರವ್ವನಿಗೆ ಹೊದಿಸಿದರು. ನಾಲ್ವರೂ ಓಡಿಹೋಗಿ ಒಂದು ಬಸ್ ಸ್ಟಾಪಿನ ಮಾಡಿನ ಕೆಳಗೆ ನಿಂತಾಗ ಮಾಸ್ತರರ ಬೂಟಿನೊಳಗೆ ನೀರು ಬುಳುಬುಳು ಅನ್ನುತ್ತಿತ್ತು. ವಿಭೂತಿ ತೊಳೆದು ಮೂಗಿನ ಮೇಲೆ ಇಳಿದಿತ್ತು.

ಅಲ್ಲಿ ಒಬ್ಬ ಮುದುಕ ಕೂತಿದ್ದ. ಚಪ್ಪಟೆ ಟೋಪಿ, ಕೈಯಲ್ಲಿ ತರಕಾರಿ ಚೀಲ. ಅವನು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದ. ಮಾಸ್ತರರಿಗೆ ಒಂದಕ್ಷರ ತಿಳಿಯಲಿಲ್ಲ. ಅವರು ತಮ್ಮ ಇಂಗ್ಲಿಷಿನಲ್ಲಿ, ಇಲ್ಲಿ ಮಳೆ ಬರಬಾರದು ಅಂದರು. ಅದು ಅವನಿಗೆ ತಿಳಿಯಲಿಲ್ಲ. ಜೋಯ್ಲಿನ್ ನಡುವೆ ನಿಂತು ಅವನ ಇಂಗ್ಲಿಷನ್ನು ಇವರ ಇಂಗ್ಲಿಷಿಗೆ, ಇವರದನ್ನು ಅವನದಕ್ಕೆ ತಿರುಗಿಸಿ ಹೇಳತೊಡಗಿದಳು.

ಲಂಡನ್ನಿನಿಂದ ಬಂದವರೆಂದು ಅವಳು ಹೇಳಿದಾಗ, ಇಷ್ಟು ದೂರ ಯಾಕೆ ಬಂದಿರಿ ಅಂತ ಮುದುಕ ಕೇಳಿದ. ಮಾಸ್ತರರು ಪೆನ್ನೈನ್, ನಕಾಶೆ, ಗಿರಣಿ ಎಲ್ಲ ಹೇಳಿದರು. ಮುದುಕ ಟೋಪಿ ಹಿಂದಕ್ಕೆ ಸರಿಸಿದ. ತಾನು ಹುಟ್ಟಿದ್ದು ಬೆಟ್ಟದ ಆಚೆಗೆ ರೋಚ್‌ಡೇಲ್‌ನಲ್ಲಿ, ಹುಡುಗನಾಗಿದ್ದಾಗ ಹತ್ತಿ ಗಿರಣಿಯಲ್ಲಿದ್ದೆ ಅಂದ. ಈ ಕಡೆಯ ಹುಡುಗಿಯನ್ನು ಮದುವೆಯಾಗಿ ಬೆಟ್ಟ ದಾಟಿ ಬಂದವನು. ಬಂದು ನಲವತ್ತು ವರ್ಷ ಮೇಲಾಯಿತು, ಹೆಂಡತಿಯ ಕಡೆಯವರು ಈಗಲೂ ತನ್ನನ್ನು ಆಚೆಯವನು ಅಂತಲೇ ಕರೆಯುತ್ತಾರೆ ಅಂದ.

ಮಾಸ್ತರರು ಜೋಯ್ಲಿನ್‌ಳಿಂದ ಅದನ್ನು ಮತ್ತೊಮ್ಮೆ ಹೇಳಿಸಿದರು. ಬಸ್ಸಿನಲ್ಲಿ ಒಂದು ತಾಸಿನ ದಾರಿ ಅದು.

"ನಲವತ್ತು ವರ್ಷ ಆದಮ್ಯಾಲೂ?" ಅಂದರು.

ಮುದುಕ ಅದಕ್ಕೆ ನಕ್ಕು, ತಾನು ಆಡುವ ಮಾತೇ ಬೇರೆ ಅಂತ ಅವರಿಗೆ ಬಾಯಿ ತೆಗೆದ ಕೂಡಲೇ ಗೊತ್ತಾಗುತ್ತದೆ ಅಂದ. ಆಮೇಲೆ ನಿಮ್ಮ ಕಡೆ ಏನು ಬೆಳೆಯುತ್ತೀರಿ ಅಂತ ಕೇಳಿದ. ಎರೆಹೊಲ, ಬಿಳಿಜೋಳ, ಹತ್ತಿ ಅಂತ ಮಾಸ್ತರರು ಹೇಳಿದರು. ಹತ್ತಿ ಅಂದದ್ದಕ್ಕೆ ಅವನ ಮುಖ ಹುಳ್ಳಗಾಯಿತು. ಇಂಡಿಯಾದ ಹತ್ತಿಯನ್ನು ತಮ್ಮ ಹಿರಿಯರು ಬೈಯುತ್ತಿದ್ದರಂತೆ, ಎಳೆ ಗಿಡ್ಡ, ನೂಲು ಹರಿಯುತ್ತಿತ್ತು, ದೇವರೇ ಹತ್ತಿ ಕೊಡು, ಆದರೆ ಅದನ್ನು ಮಾತ್ರ ಕೊಡಬೇಡ ಅನ್ನುತ್ತಿದ್ದರಂತೆ, ಮನೆಯಲ್ಲಿ ಆ ಮಾತು ಉಳಿದುಕೊಂಡಿತ್ತು ಅಂದ. ಅಲೆಕ್ಸ್ ಇದನ್ನು ಚಂದ್ರವ್ವನಿಗೆ ಕನ್ನಡದಲ್ಲಿ ಹೇಳಿದರು, ಹೇಳಬಾರದಿತ್ತು. ಅವಳ ತವರಿನವರು ತಲೆತಲಾಂತರದಿಂದ ಹತ್ತಿ ಬೆಳೆದವರು.

"ನಮ್ಮ ಹತ್ತಿಗಿ ಹೆಸರಿಡ್ತಾನೇನು ಇಂವ?" ಅಂದಳು. ಅಂದು, ಚೀಲಕ್ಕೆ ಕೈಹಾಕಿ ಉಳಿದ ಮಾದಲಿಯ ಡಬ್ಬಿ ತೆಗೆದು ಅವನ ಮುಂದೆ ಹಿಡಿದು, ಜೋಯ್ಲಿನ್ ಕಡೆ ತಿರುಗಿದಳು. "ತಿನ್ನು ಅನ್ನವ್ವಾ ಅಂವಗ. ಮಳ್ಯಾಗ ಕುಂತಾನ."

ಮುದುಕ ಒಂದು ಹಿಡಿ ತಿಂದ, ಇನ್ನೊಂದು ಹಿಡಿ ತಿಂದ, ಆಮೇಲೆ ಟೋಪಿ ತೆಗೆದು ಚಂದ್ರವ್ವನಿಗೆ ತಲೆಬಾಗಿ ಹತ್ತಿಯ ಮಾತು ವಾಪಸು ತಗೊಂಡೆ ಅಂದ. ಬಸ್ಸು ಬರುವವರೆಗೂ ಮಾಸ್ತರರು ಅವನನ್ನು ಕೇಳಿದ್ದೇ ಕೇಳಿದ್ದು. ಆಚೆಯವರು ಯಾವುದಕ್ಕೆ ಏನನ್ನುತ್ತಾರೆ, ಈಚೆಯವರು ಏನನ್ನುತ್ತಾರೆ, ಊಟ ಯಾವಾಗ, ಹಬ್ಬ ಯಾವುದು. ಅವರ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು, ಪ್ರಶ್ನೆ ನಿಲ್ಲಲಿಲ್ಲ.

ಹಿಂದಿರುಗುವ ಕೋಚಿನಲ್ಲಿ ಅವರು ಚಂದ್ರವ್ವನಿಗೆ ಒಂದೇ ಮಾತು ಹೇಳಿದರು. ತಾನು ಮೂವತ್ತು ವರ್ಷ ಕಲಿಸಿದ ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ, ಬರೀ ಗಾಳಿ, ಮಳೆ, ಕುರಿ ಇದ್ದವು ಅಂತ. ಚಂದ್ರವ್ವ ನಿದ್ದೆಗಣ್ಣಿನಲ್ಲಿ ಹೂಂಗುಟ್ಟಿದಳು.

ಕಿಂಗ್ಸ್‌ಬರಿಗೆ ಬಂದವರೇ ಫ್ರಿಜ್ಜಿನ ಮೇಲಿಂದ ಆ ಪುಸ್ತಕ ಇಳಿಸಿಕೊಂಡರು. ಓದುವುದಕ್ಕೆ ಮೊದಲೇ ಹ್ಯಾಲಿಫಾಕ್ಸಿನ ಮಳೆ ಮೈಗೆ ಹತ್ತಿ ಜ್ವರ ಬಂತು. ಜ್ವರ ಕೆಮ್ಮಾಯಿತು, ಕೆಮ್ಮು ಎದೆಗಿಳಿಯಿತು. ಮಾರ್ಚ್ ಪೂರ್ತಿ ಹಾಸಿಗೆ. ಹಾಸಿಗೆಯಲ್ಲೇ ಪುಸ್ತಕ ಮುಗಿಸಿದರು. ಜಿಯೋರ್ಡಿಯವರು, ಸ್ಕೌಸ್‌ನವರು, ಕಾಕ್ನಿಯವರು, ಒಂದೊಂದು ಊರಿನ ಮಾತಿನ ಧಾಟಿಯವರೆಲ್ಲರೂ ಬಾಯಿಗೆ ಬಂದರು. ಬಿಯರು ಚೆಲ್ಲಿದರೆ ಬೇರೆ ಗ್ಲಾಸು ಕೊಡಿಸುವೆನೆನ್ನಬೇಕು ಎಂಬುದನ್ನೂ ಕಣ್ಣು ಮುಚ್ಚಿಕೊಂಡು ಕಲಿತರು. ಎದ್ದು ಓಡಾಡುವಂತಾಗಿ ಪರೀಕ್ಷೆಗೆ ದಿನ ಗೊತ್ತುಮಾಡಲು ಹೋದರೆ, ಏಪ್ರಿಲಿನಿಂದ ಪುಸ್ತಕ ಬದಲಾಗಿದೆ, ಇನ್ನು ಹೊಸ ಆವೃತ್ತಿಯ ಮೇಲೆ ಪರೀಕ್ಷೆ ಅಂದರು.

ಭುವನೇಶ್ವರಿ ಈ ಸಲ ಜೂನ್ ಒಂದರ ಮಾತು ತೆಗೆಯಲಿಲ್ಲ. ಸುಮ್ಮನೆ ಹೊಸ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಸಿಲೆಬಸ್ ಬದಲಾಗುವುದು ಮಾಸ್ತರರಿಗೆ ಹೊಸದಲ್ಲ. ಇಂಡಿಯಲ್ಲಿ ಎಷ್ಟೋ ಸಲ ಜುಲೈನಲ್ಲಿ ಪಾಠ ಶುರುವಾದಮೇಲೆ ಬೇರೆ ಪುಸ್ತಕ ಬಂದದ್ದಿತ್ತು. ಅವರು ಸರಕಾರವನ್ನು ಎರಡೂ ಭಾಷೆಯಲ್ಲಿ ಬೈದು ಓದಲು ಕೂತರು. ಈಗ ಅಡಿಗೆಮನೆಯಲ್ಲಿ ಪಾಠ ಒಪ್ಪಿಸುತ್ತಿದ್ದವರು ಅವರು, ಕೇಳುತ್ತಿದ್ದವಳು ಚಂದ್ರವ್ವ. ಅವಳಿಗೆ ಪುಸ್ತಕ ಓದಲಿಕ್ಕೆ ಬರುತ್ತಿರಲಿಲ್ಲ, ಅವರು ತಡವರಿಸಿದ್ದು ಮಾತ್ರ ಸರಿಯಾಗಿ ತಿಳಿಯುತ್ತಿತ್ತು. ತಡವರಿಸಿದರೆ, ಇನ್ನೊಮ್ಮೆ ಹೇಳ್ರಿ ಅನ್ನುತ್ತಿದ್ದಳು.

ಮೇ ತಿಂಗಳ ಕೊನೆಯ ವಾರ ಅವರು ಮತ್ತೆ ಅದೇ ಕೋಣೆಯಲ್ಲಿ ಕೂತರು. ಮೌಸು ಈ ಸಲ ಮಾತು ಕೇಳಿತು. ಸ್ಕಾಟ್‌ಲೆಂಡಿನ ಬಡಗಣ ತುದಿಯಿಂದ ಇಂಗ್ಲೆಂಡಿನ ನೈಋತ್ಯ ಮೂಲೆಗೆ ಎಷ್ಟು ಮೈಲಿ ಎಂಬ ಪ್ರಶ್ನೆ ಬಂದಾಗ ಮಾತ್ರ ಅವರು ಕನ್ನಡಕ ಒರೆಸಿಕೊಂಡರು. ತಮ್ಮ ಹಳೆಯ ನಕಾಶೆಯ ಮೇಲೆ ದಾರ ಇಟ್ಟು ಅಳೆದದ್ದು ಬೇರೆ ಬರುತ್ತಿತ್ತು. ಹೊಸ ಪುಸ್ತಕದಲ್ಲಿದ್ದದ್ದು ಬೇರೆ. ಬಹಳ ಹೊತ್ತು ಎರಡರ ನಡುವೆ ಕೂತಿದ್ದು, ಕೊನೆಗೆ ಪುಸ್ತಕದ್ದನ್ನೇ ಒತ್ತಿದರು.

ಪಾಸು ಅಂತ ಕಾಗದ ಕೊಟ್ಟ ಮೇಲ್ವಿಚಾರಕಿ ಅವರಿಗೆ ಅಭಿನಂದನೆ ಹೇಳಿದಳು. ಮಾಸ್ತರರು ಥ್ಯಾಂಕ್ಸ್ ಹೇಳಿ, ಒಂದು ಸಲಹೆ ಇದೆ ಅಂದರು. ಇಷ್ಟು ದೊಡ್ಡ ಪರೀಕ್ಷೆಯಲ್ಲಿ ಒಂದು ನದಿಯ ಹೆಸರಾದರೂ ಕೇಳಬೇಕು, ಹವಾಗುಣದ ಮೇಲೆ ಎರಡಾದರೂ ಪ್ರಶ್ನೆ ಇರಬೇಕು, ಆದರೆ ಪಡುವಣಕ್ಕೆ ಮಳೆ ಮೂಡಣಕ್ಕೆ ಬಿಸಿಲು ಅಂತ ಖಂಡಿತವಾಗಿ ಹೇಳುವ ಹಾಗಿಲ್ಲ, ಸಾಮಾನ್ಯವಾಗಿ ಎಂಬ ಶಬ್ದ ಸೇರಿಸಬೇಕು ಅಂದರು. ಅವಳು ಎಲ್ಲ ಕೇಳಿಸಿಕೊಂಡಳು. ಹಿಂದೆ ಇನ್ನೂ ಜನ ಸಾಲಿನಲ್ಲಿದ್ದಾರೆ ಸರ್ ಅಂದಳು.

ಬೇಸಿಗೆ ಕಳೆದಮೇಲೆ ಟೌನ್‌ಹಾಲಿನಲ್ಲಿ ಪೌರತ್ವ ಕೊಡುವ ಸಮಾರಂಭವಾಯಿತು. ಚಂದ್ರವ್ವ ಇಳಕಲ್ ಸೀರೆ ಉಟ್ಟಿದ್ದಳು. ಪ್ರಮಾಣವಚನ ಹೇಳುವಾಗ ಎಲ್ಲರಿಗಿಂತ ಮಾಸ್ತರರ ದನಿಯೇ ಮೇಲೆ. ಮುಂದಿನ ಸಾಲಿನ ಮಕ್ಕಳು ಬೆಚ್ಚಿ ನೆಟ್ಟಗೆ ನಿಂತವು.

ಸುದ್ದಿ ಹರಡಿ, ಪರೀಕ್ಷೆಗೆ ಕೂರುವ ಕನ್ನಡದವರು ಒಬ್ಬೊಬ್ಬರಾಗಿ ಅವರ ಮನೆಗೆ ಬರತೊಡಗಿದರು. ಭಾನುವಾರ ಅಲೆಕ್ಸ್ ಮನೆಯ ಮುಂದಿನ ಕೋಣೆಯಲ್ಲಿ ತರಗತಿ. ಕಪಾಟಿನ ಹಿಂದಿದ್ದ ನಕಾಶೆ ಹೊರಗೆ ಬಂತು. ಮೊದಲ ಅರ್ಧ ತಾಸು ಭೂಗೋಳ, ಆಮೇಲೆ ಸರಕಾರದ ಪುಸ್ತಕ. ಅರ್ಧ ತಾಸು ತಡವಾಗಿ ಬಂದರೆ ಒಳಗೆ ಬಿಡುತ್ತಿರಲಿಲ್ಲ. ನಾಪಾಸಾದವರು ಬಂದರೆ ಮಾತ್ರ ಅವರಿಗೆ ಮೊದಲು ಚಹ. ಸುಮಾರು ಹೊತ್ತು ಯಾವ ಪ್ರಶ್ನೆಯೂ ಇಲ್ಲ.

ಕಲಬುರಗಿಯಿಂದ ಮದುವೆಯಾಗಿ ಬಂದಿದ್ದ ಕಲ್ಯಾಣಿ ಎಂಬ ಹುಡುಗಿ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು. 

"ಸರ್, ಈ ಗುಡ್ಡ, ಹಳ್ಳ ಪರೀಕ್ಷಾದಾಗ ಕೇಳೂದಿಲ್ಲಂತ. ಮತ್ತ ಯಾಕ್ರಿ?"

ಮಾಸ್ತರರು ಸಿಟ್ಟಾಗಲಿಲ್ಲ.

"ನೀ ಇನ್ನ ಇಲ್ಲೇ ಇರಾಕಿ ಹೌದಿಲ್ಲೊ? ನಳದಾಗಿನ ನೀರು ಯಾವ ಹೊಳಿದು ಅಂತ ಗೊತ್ತಿರಬೇಕವ್ವ."

ಕಲ್ಯಾಣಿ ಯಾವ ಹೊಳೆ ಅಂತ ಕೇಳಿದಳು. ಅವರು ಥೇಮ್ಸ್ ಅಂದರು. ಒಳಗಿನಿಂದ ಅಲೆಕ್ಸ್, ನಮ್ಮ ಓಣಿಗೆ ನೀರು ಬೇರೆ ಕಡೆಯಿಂದ ಬರುತ್ತದಂತೆ ಮಾರಾಯ್ರೆ ಅಂದರು. ಆ ಭಾನುವಾರ ಸರಕಾರದ ಪುಸ್ತಕ ತೆರೆಯುವುದಾಗಲಿಲ್ಲ.